ಕಮಿಷನ್ ಲೆಕ್ಕ ಕೇಳಿದರೆ ತಪ್ಪಾ?

ಪ್ರಶ್ನೆ: ನಾನು ಗೋಣಿಕೊಪ್ಪದವಳು. ಯೂಟ್ಯೂಬ್‌ನಲ್ಲಿ ಕೊಡಗಿನ ಅಡುಗೆ ವಿಡಿಯೊ ಹಾಕುತ್ತೇನೆ. ಕಾಫಿ ಪುಡಿ, ಜೇನು, ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿ ರಸ) ಮಾರುವ ಒಂದು ಆನ್‌ಲೈನ್ ಅಂಗಡಿ ನನಗೆ ಲಿಂಕ್ ಕೊಟ್ಟಿದೆ, ಮಾರಾಟಕ್ಕೆ ಶೇ 8 ಕಮಿಷನ್ ಅಂತ ಬಾಯಿಮಾತು. ನಿಮ್ಮ ಲಿಂಕ್‌ನಿಂದಲೇ ತರಿಸಿಕೊಂಡೆವು ಅಂತ ಎಷ್ಟೋ ಜನ ಬರೆಯುತ್ತಾರೆ, ತಿಂಗಳ ಲೆಕ್ಕದಲ್ಲಿ ಮಾತ್ರ ಅಷ್ಟು ಆರ್ಡರ್ ಇರುವುದಿಲ್ಲ. ಕೇಳಿದರೆ ‘ಸಿಸ್ಟಮ್ ತೋರಿಸಿದ್ದೇ ಲೆಕ್ಕ’ ಅನ್ನುತ್ತಾರೆ. ಮೋಸ ಇರಬಹುದಾ?

ಉತ್ತರ: ಮೋಸ ಅಂತ ಈಗಲೇ ಹೇಳಲು ಆಗದು, ಆದರೆ ಆ ಉತ್ತರವನ್ನು ಒಪ್ಪಿಕೊಂಡು ಸುಮ್ಮನಿರಬೇಡಿ. ಚೆರಿ ಕಾಫಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮಾರುವಾಗ ತೂಕ, ತೇವಾಂಶ, ಔಟ್‌ಟರ್ನ್ (ಅದರಿಂದ ಎಷ್ಟು ಬೀಜ ಬರುತ್ತದೆ ಅನ್ನುವ ಲೆಕ್ಕ) ಎಲ್ಲ ನಮ್ಮ ಕಣ್ಣೆದುರೇ ಆಗಲಿ ಅನ್ನುತ್ತೇವೆ ಅಲ್ವಾ? ಇಲ್ಲೂ ಹಾಗೇ ಕೇಳಿ. ಎಷ್ಟು ಜನ ಲಿಂಕ್ ಒತ್ತಿದರು, ಎಷ್ಟು ಆರ್ಡರ್ ಆಯಿತು, ಯಾವುದು ಯಾಕೆ ರದ್ದಾಯಿತು, ಇದೆಲ್ಲ ನಿಮಗೇ ಕಾಣುವಂತಿರಬೇಕು. ಗಿರಾಕಿಗಳ ಹೆಸರು, ವಿಳಾಸ ಬೇಡ. ದಿನಾಂಕ, ಆರ್ಡರ್ ನಂಬರ್, ಮೊತ್ತ ಸಾಕು.

ಲೆಕ್ಕ ತಪ್ಪುವುದಕ್ಕೆ ಬೇರೆ ಕಾರಣಗಳೂ ಇವೆ. ಹೆಚ್ಚಿನ ಕಡೆ ಕೊನೆಗೆ ಯಾರ ಲಿಂಕ್ ಒತ್ತಿದರೋ ಅವರಿಗೇ ಕಮಿಷನ್. ನಿಮ್ಮ ವಿಡಿಯೊದಿಂದ ಅಂಗಡಿಗೆ ಹೋದವರು ಹಣ ಕಟ್ಟುವ ಮೊದಲು ಇನ್ನೆಲ್ಲೋ ಕೂಪನ್ ಹುಡುಕಿ ಅಲ್ಲಿಂದ ವಾಪಸ್ ಬಂದರೆ ನಿಮ್ಮ ಪಾಲು ಆ ಕೂಪನ್‌ನವರಿಗೆ ಹೋಯಿತು. ಮೊಬೈಲಲ್ಲಿ ಲಿಂಕ್ ಒತ್ತಿ ರಾತ್ರಿ ಲ್ಯಾಪ್‌ಟಾಪಲ್ಲಿ ಕೊಂಡರೂ ಕೈತಪ್ಪಬಹುದು. ಗಡುವು ಬೇರೆ ಇರುತ್ತದೆ. ಅಮೆಜಾನ್‌ನಲ್ಲಿ ಲಿಂಕ್ ಒತ್ತಿದ 24 ಗಂಟೆಯೊಳಗೆ ಮಾಲು ಕಾರ್ಟ್‌ಗೆ ಬೀಳಬೇಕು, ಅದನ್ನು ಅವರು ನಿಯಮದಲ್ಲೇ ಬರೆದಿದ್ದಾರೆ. ನಿಮ್ಮ ಅಂಗಡಿಯವರು ಏನಾದರೂ ಬರೆದುಕೊಟ್ಟಿದ್ದಾರಾ? ಶೇ 8 ಅಂದರೆ ಪೂರ್ತಿ ಬಿಲ್ಲಿಗಾ, ಜಿಎಸ್‌ಟಿ, ಸಾಗಣೆ ಕಳೆದ ಮೇಲಾ? ವಾಪಸ್ ಬಂದ ಮಾಲಿಗೆ ಕಮಿಷನ್ ಕೊಡದಿರುವುದು ಸರಿಯೇ. ಆದರೆ ಆಗಿಹೋದ ಮಾರಾಟಕ್ಕೆ ಆಮೇಲೆ ದರ ಇಳಿಸಿದರೆ ಅದು ಶುದ್ಧ ಅನ್ಯಾಯ, ಮುಲಾಜಿಲ್ಲದೆ ಹೇಳಿ.

ಒಂದು ಪರೀಕ್ಷೆ ಮಾಡಿ. ಮೈಸೂರಲ್ಲೋ ಬೆಂಗಳೂರಲ್ಲೋ ಇರುವ, ಹೇಗೂ ಜೇನು ಬೇಕಾದ ಪರಿಚಯದವರು ನಿಮ್ಮ ಲಿಂಕ್‌ನಿಂದಲೇ ತರಿಸಲಿ. ಆರ್ಡರ್ ನಂಬರ್ ಬರೆದಿಟ್ಟು, ತಿಂಗಳ ಲೆಕ್ಕದಲ್ಲಿ ಅದು ಬಂತಾ ನೋಡಿ. ನೀವೇ ಕೊಳ್ಳಬೇಡಿ, ಸ್ವಂತ ಲಿಂಕ್‌ನಲ್ಲಿ ಕೊಂಡರೆ ಖಾತೆ ಮುಚ್ಚುವವರೂ ಇದ್ದಾರೆ. ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದೇವೆ ಅಂದರೆ ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿರುವ ನಿಮ್ಮ ತೆರಿಗೆ ವಿವರದಲ್ಲಿ ಆ ಹಣ ಕಾಣಲೇಬೇಕು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಈ ಲಿಂಕ್‌ನಿಂದ ನಿಮಗೆ ದುಡ್ಡು ಬರುತ್ತದೆ ಅಂತ ನೋಡುವವರಿಗೆ ಗೊತ್ತಾ? ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಕೊಟ್ಟ ಸೂಚನೆ ಪ್ರಕಾರ ಅದನ್ನು ಸ್ಪಷ್ಟವಾಗಿ, ವಿಡಿಯೊ ಇರುವ ಭಾಷೆಯಲ್ಲೇ ಹೇಳಬೇಕು. ಕೆಳಗೆಲ್ಲೋ ಹ್ಯಾಶ್‌ಟ್ಯಾಗ್‌ಗಳ ನಡುವೆ ತುರುಕಿದರೆ ಆಗದು. ‘ಈ ಲಿಂಕ್‌ನಿಂದ ಕೊಂಡರೆ ನನಗೆ ಕಮಿಷನ್ ಸಿಗುತ್ತದೆ’ ಅಂತ ಬಾಯಿಬಿಟ್ಟು ಹೇಳಿಬಿಡಿ.

ಪ್ರಶ್ನೆ: ಮಡಿಕೇರಿ ಹತ್ತಿರ ನಮ್ಮ ಹೋಂಸ್ಟೇ. ವಿಡಿಯೊ ಮಾಡಿದ ಹುಡುಗನಿಗೆ ಒಂದು ಕೋಡ್ ಕೊಟ್ಟಿದ್ದೇವೆ, ಅದರಲ್ಲಿ ಬುಕ್ ಆದರೆ ಕಮಿಷನ್. ಜನ ವಿಡಿಯೊ ನೋಡಿ ನೇರ ಫೋನ್ ಮಾಡುತ್ತಾರೆ, ಕೋಡ್ ಹೇಳುವುದಿಲ್ಲ. ಆಗಲೂ ಕೊಡಬೇಕಾ?

ಉತ್ತರ: ಮಾತಿನ ಪ್ರಕಾರ ಬೇಡ. ಆದರೆ ಆ ವಿಡಿಯೊ ನೋಡಿ ಬಂದೆವು ಅಂತ ಗೆಸ್ಟೇ ಹೇಳಿದ ಮೇಲೆ ಕೊಡುವುದೇ ನ್ಯಾಯ. ಫೋನ್ ಎತ್ತಿದವರು ‘ನಮ್ಮ ಬಗ್ಗೆ ಎಲ್ಲಿ ನೋಡಿದಿರಿ’ ಅಂತ ಕೇಳಿ ರಿಜಿಸ್ಟರಿನಲ್ಲಿ ಬರೆಯಲಿ. ತಿಂಗಳಿಗೊಮ್ಮೆ ಗೆಸ್ಟ್‌ಗಳ ಹೆಸರು, ನಂಬರ್ ಮುಚ್ಚಿ ಆ ಪುಟದ ಫೋಟೊ ಹುಡುಗನಿಗೆ ವಾಟ್ಸಾಪ್ ಮಾಡಿ.