ಬಸ್ಸು ಹಂಪ್ ಎಗರಿದ್ದಕ್ಕೇ ಬೆನ್ನುಮೂಳೆ ಮುರಿಯುತ್ತಾ? ಎಂಆರ್‌ಐ ಬೇಕೇ ಬೇಕಾ?

ಬಸ್ಸು ಹಂಪಲ್ಲಿ ಎಗರಿದಾಗಿಂದ ತಾಯಿಗೆ ಬೆನ್ನುನೋವು, ಬೀಳಲೇ ಇಲ್ಲ, ಆದ್ರೂ ಎಕ್ಸ್‌ರೇ ರಿಪೋರ್ಟಲ್ಲಿ ಬೆನ್ನುಮೂಳೆ ಕುಸಿದಿದೆ ಅಂತ ಬಂದಿದೆ, ಅಕ್ಕಪಕ್ಕದವರು ಉಳುಕು ಅಂತಿದ್ದಾರೆ ಅಂತ ಬರೆದಿದ್ದೀರಿ. ಹೌದು, ಹಂಪಿಗೂ ಮುರಿಯುತ್ತೆ. ನಾನು ಎಕ್ಸ್‌ರೇ ಟೆಕ್ನಿಷಿಯನ್, ನಿಮ್ಮ ತಾಯಿ ಥರದವರು ನಮ್ಮಲ್ಲಿಗೆ ಬರ್ತಾನೇ ಇರ್ತಾರೆ, ಕೊನೇ ಸೀಟಲ್ಲಿ ಕೂತಿದ್ದೆ, ಹಂಪಲ್ಲಿ ಎತ್ತಿಹಾಕ್ತು, ಅವತ್ತಿಂದ ಏಳೋಕೆ ಆಗ್ತಿಲ್ಲ ಅಂತ. ಕೊನೇ ಸೀಟು ಹಿಂದಿನ ಚಕ್ರಕ್ಕಿಂತ ಆಚೆ ಇರೋದ್ರಿಂದ ಅಲ್ಲಿ ಎಗರೋದು ಜಾಸ್ತಿ, ಮೇಲೆ ಹೋಗಿ ದಪ್ ಅಂತ ಕೂತಾಗ ಪೆಟ್ಟು ಸೀದಾ ಬೆನ್ನಿಗೆ ಏರುತ್ತೆ. ಬೀಳಲೇ ಇಲ್ಲ ಹೇಗೆ ಮುರೀತು ಅಂತ ಕೇಳಿದ್ರಲ್ಲ, ಹೀಗೆ. ರಿಪೋರ್ಟಲ್ಲಿ ಬಂದಿರೋ ಎಲ್1 ಅಂದ್ರೆ ಸೊಂಟದ ಮೊದಲನೇ ಮೂಳೆ, ಅದರ ಮೇಲಿನ ಡಿ12 ಅಂದ್ರೆ ಪಕ್ಕೆಲುಬಿರೋ ಬೆನ್ನಿನ ಕೊನೇ ಮೂಳೆ, ಇವೆರಡೇ ಹೆಚ್ಚು ಕುಸಿಯೋದು. ಪಕ್ಕೆಲುಬು ಬಿಗಿಹಿಡಿದಿರೋ ಬೆನ್ನು ಮುಗಿದು ಬಾಗೋ ಸೊಂಟ ಶುರುವಾಗೋ ಜಾಗ ಅದು. ಸೈಡಿಂದ ತೆಗೆದ ಫಿಲ್ಮನ್ನ ಬೆಳಕಿಗೆ ಹಿಡಿದು ನೋಡಿ, ಮೇಲಿನ ಕೆಳಗಿನ ಮೂಳೆಗಳು ಚೌಕವಾಗಿರ್ತವೆ, ಇದೊಂದು ಮಾತ್ರ ಮುಂದ್ಗಡೆ ಕುಗ್ಗಿ ಬೆಣೆ ಥರ ಕಾಣುತ್ತೆ.

ಜೋರು ಹಂಪಿಗೆ ಗಟ್ಟಿ ಮೂಳೆನೂ ಮುರಿಯಬಹುದು ನಿಜ, ಆದ್ರೆ 60 ದಾಟಿದ ಹೆಂಗಸರಲ್ಲಿ ಹಂಪನ್ನ ಬೈದು ಸುಮ್ಮನಾಗಬೇಡಿ. ಮುಟ್ಟು ನಿಂತ ಮೇಲೆ ಮೂಳೆ ಟೊಳ್ಳಾಗ್ತಾ ಹೋಗುತ್ತೆ, ಚಿಕ್ಕ ವಯಸ್ಸಲ್ಲೇ ಗರ್ಭಕೋಶದ ಜೊತೆ ಅಂಡಾಶಯಾನೂ ತೆಗೆಸಿದ್ರೆ ಇನ್ನೂ ಬೇಗ, ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಗೊಂಡಿದ್ರೂ ಹಾಗೇ. ಮೂಳೆ ಎಷ್ಟು ಗಟ್ಟಿ ಇದೆ ಅಂತ ಅಳೆಯೋಕೆ ಡೆಕ್ಸಾ ಸ್ಕ್ಯಾನ್ ಇದೆ, ಅದರಲ್ಲಿ ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡೋ ಅಂಕ, ಅಂದ್ರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದ್ರೆ ಆಸ್ಟಿಯೋಪೊರೋಸಿಸ್, ಮೂಳೆ ಟೊಳ್ಳಾಗೋ ಕಾಯಿಲೆ. ಎಷ್ಟೋ ಮನೇಲಿ ಬೆಲ್ಟ್ ಹಾಕಿ ನೋವಿನ ಮಾತ್ರೆ ಕೊಟ್ಟು ಮುಗಿಸಿಬಿಡ್ತಾರೆ, ಡೆಕ್ಸಾ ಮಾಡಿಸೋದೇ ಇಲ್ಲ, ಸ್ವಲ್ಪ ದಿನಕ್ಕೆ ಇನ್ನೊಂದು ಮೂಳೆ ಕುಸಿದು ಮತ್ತೆ ನಮ್ಮ ಟೇಬಲ್ ಮೇಲೆ ಮಲಗಿರ್ತಾರೆ, ನೋಡೋಕೆ ಸಂಕಟ ಆಗುತ್ತೆ. ಡಾಕ್ಟರ್ ಹೇಳದಿದ್ರೆ ನೀವೇ ಕೇಳಿ.

ಎಂಆರ್‌ಐ ಎಲ್ಲರಿಗೂ ಬೇಕು ಅಂತಿಲ್ಲ, ಆದ್ರೆ ಡಾಕ್ಟರ್ ಬರೆದಿದ್ರೆ ಮಾಡಿಸಿ. ಎಕ್ಸ್‌ರೇಲಿ ಮೂಳೆ ಕುಸಿದಿದೆ ಅಂತ ಗೊತ್ತಾಗುತ್ತೆ, ಈಗಿನದಾ ಹಳೇದಾ ಅಂತ ಬಹಳ ಸಲ ಗೊತ್ತಾಗಲ್ಲ. ಹೊಸದಾಗಿದ್ರೆ ಎಂಆರ್‌ಐಲಿ ಮೂಳೆ ಒಳಗಿನ ಊತ ಬೆಳ್ಳಗೆ ಕಾಣುತ್ತೆ, ನರ ಒತ್ತಿದೆಯಾ ಅನ್ನೋದೂ ತಿಳಿಯುತ್ತೆ. ಟಿಬಿ, ಕ್ಯಾನ್ಸರ್‌ನಿಂದಲೂ ಮೂಳೆ ಕುಸಿಯುತ್ತೆ, ಹಾಗಾಗಿ ಜ್ವರ, ತೂಕ ಇಳಿಯೋದು, ಮಲಗಿದ್ರೂ ಬಿಡದ ನೋವು ಇದ್ರೆ ಮುಚ್ಚಿಡದೆ ಹೇಳಿ.

ಕಾಲಲ್ಲಿ ಶಕ್ತಿ ಕಮ್ಮಿಯಾದ್ರೆ, ಕೂರೋ ಜಾಗ ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಆ ಕ್ಷಣವೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ಅಕ್ಕಪಕ್ಕದವರು ಉಳುಕು ಅಂತಿದ್ದಾರೆ ಅಂದ್ರಲ್ಲ, ದಯವಿಟ್ಟು ಯಾರ ಹತ್ರಾನೂ ತಿಕ್ಕಿಸಬೇಡಿ. ಎಂಆರ್‌ಐ ಸ್ಕ್ಯಾನಿಗೆ ಹೋಗುವಾಗ ಈ ಎಕ್ಸ್‌ರೇ ಫಿಲ್ಮ್ ಜೊತೇಲಿರಲಿ, ಪೇಸ್‌ಮೇಕರ್ ಇದ್ರೆ ಅಪಾಯಿಂಟ್‌ಮೆಂಟ್ ತಗೊಳ್ಳುವಾಗಲೇ ತಿಳಿಸಿ.