ನಿಮ್ಮ ಕಪ್ಪು ತುಂಡನ್ನು ಬಿಸಾಕಬೇಡಿ ಸರ್

ಸರ್, ಹಳೆ ಮನೆ ಕೆಡವುವಾಗ ಸಿಕ್ಕ ಕಪ್ಪು ಮರದ ತುಂಡು ಎಬನಿಯೋ (ಕರಿಮರ) ಬೀಟೆಯೋ (ರೋಸ್‌ವುಡ್), ಮಧ್ಯೆ ಕಂದು ಗೆರೆ ಇದೆ, ಇಟ್ಟುಕೊಳ್ಳಲೋ ಬಿಸಾಕಲೋ ಅಂತ ಕೇಳಿದ್ದೀರಿ. ದಯವಿಟ್ಟು ಇಟ್ಟುಕೊಳ್ಳಿ.

ಮೇಲಿನ ಬಣ್ಣ ನೋಡಿ ಹೇಳೋಕಾಗಲ್ಲ. ವರ್ಷಗಟ್ಟಲೆ ಒಲೆ ಹೊಗೆ, ಎಣ್ಣೆ ಕುಡಿದರೆ ಯಾವ ಮರವೂ ಕಪ್ಪಾಗುತ್ತದೆ. ಒಂದು ಮೂಲೆಯಲ್ಲಿ ಉಳಿಯಿಂದ ಹೆರೆದು ನೋಡಿ. ನೇರಳೆ ಮಿಶ್ರಿತ ಕಂದು ಬಣ್ಣ, ಜೊತೆಗೆ ಸಿಹಿ ವಾಸನೆ ಬಂದರೆ ಬಹುತೇಕ ಬೀಟೆ. ಸ್ಪಿರಿಟ್ ಹಚ್ಚಿದ ಹತ್ತಿಯಲ್ಲಿ ಉಜ್ಜಿದರೂ ಬೀಟೆ ನೇರಳೆ ಬಣ್ಣ ಬಿಡುತ್ತದೆ. ಶಾಯಿಯಂತೆ ಕಪ್ಪು ಬಂದರೆ ಯಾರೋ ಬಣ್ಣ ಹಾಕಿದ್ದಾರೆ. ಆದರೆ ವಿನೆಗರ್‌ನಲ್ಲಿ ಕಬ್ಬಿಣದ ಮೊಳೆ ನೆನೆಸಿದ ನೀರು ಹಚ್ಚಿ ಕಪ್ಪು ಮಾಡಿದ್ದರೆ ಅದು ಮರದ ಒಗರಿನ ಜೊತೆ ಸೇರಿ ಕೂತಿರುತ್ತದೆ, ಸ್ಪಿರಿಟ್‌ಗೂ ಬಿಡುವುದಿಲ್ಲ, ಹಾಗಾಗಿ ಹೆರೆದು ನೋಡುವುದೇ ಸರಿ. ಒಳಗೂ ಕಪ್ಪೇ ಇದ್ದು, ಸಣ್ಣ ಚೂರು ನೀರಿನಲ್ಲಿ ಮುಳುಗಿದರೆ ಎಬನಿ ಇರುವ ಸಾಧ್ಯತೆ ಜಾಸ್ತಿ.

ಇನ್ನು ಆ ಕಂದು ಗೆರೆ. ನಮ್ಮ ಕಡೆಯ ಎಬನಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದ್ದು, ಬೀಡಿ ಎಲೆಯ ತುಮರಿಯ ನೆಂಟ. ಇಡೀ ಮರ ಕಪ್ಪಲ್ಲ. ಹೊರಗೆಲ್ಲ ಬಿಳಿಚು, ಚೇಗು (ಒಳಗಿನ ಗಟ್ಟಿ ಭಾಗ) ಮಾತ್ರ ಕಪ್ಪು, ಅದರಲ್ಲೂ ಗೆರೆ ಬರುವುದುಂಟು. ಗಿಟಾರ್‌ನವರಿಗೆ ಅಪ್ಪಟ ಕಪ್ಪೇ ಬೇಕು ಅಂತ ಆಫ್ರಿಕಾದ ಕ್ಯಾಮರೂನ್‌ನಲ್ಲಿ ಗೆರೆ ಇದ್ದ ಅಲ್ಲಿನ ಜಾತಿಯ ಎಬನಿಯನ್ನು ಕಡಿದ ಮೇಲೂ ಕಾಡಿನಲ್ಲೇ ಕೊಳೆಯಲು ಬಿಟ್ಟು ಬರುತ್ತಿದ್ದರು. 2011ರಲ್ಲಿ ಅಮೆರಿಕದ ಗಿಟಾರ್ ಕಂಪನಿ ಟೇಲರ್ ಗಿಟಾರ್ಸ್‌ನವರು ಪಾಲುದಾರರ ಜೊತೆ ಅಲ್ಲಿನ ರಾಜಧಾನಿ ಯಾವುಂಡೆಯ ಒಂದು ಮರದ ಮಿಲ್ ಕೊಂಡರು, ಆಮೇಲೆ ಗೆರೆಯ ಮರವನ್ನೂ ವಾದ್ಯಕ್ಕೆ ಬಳಸತೊಡಗಿದರು. ಅಷ್ಟು ನಿಧಾನ ಬೆಳೆಯುವ ಮರವನ್ನು ಬರೀ ಬಣ್ಣಕ್ಕಾಗಿ ಬಿಡುವುದು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೆಲಸಕ್ಕೆ ಇಳಿಯುವ ಮುನ್ನ ಎರಡೂ ತುದಿಗೆ ಮೇಣ ಹಚ್ಚಿಬಿಡಿ, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಉಳಿ, ಹತ್ತರಿ ಬೇಗ ಮೊಂಡಾಗುತ್ತವೆ, ಸಾಣೆ ಕಲ್ಲು ಪಕ್ಕದಲ್ಲೇ ಇರಲಿ. ಸ್ಕ್ರೂಗೆ ಮೊದಲು ತೂತು ಕೊರೆಯಲೇಬೇಕು. ಮಾಸ್ಕ್ ಇಲ್ಲದೆ ಉಜ್ಜಬೇಡಿ, ಪುಡಿ ಮೂಗಿಗೂ ಚರ್ಮಕ್ಕೂ ಒಳ್ಳೆಯದಲ್ಲ. ನಾನು ಒಂದು ಸಣ್ಣ ಪೆಟ್ಟಿಗೆಯ ಮುಚ್ಚಳದಲ್ಲಿ ಚನ್ನಪಟ್ಟಣದ ಗೊಂಬೆಗೆ ಬಳಸುವ ಬಿಳಿ ಆಲೆ ಮರದ ಪಕ್ಕ ಕಪ್ಪು ಪಟ್ಟಿ ಕೂರಿಸಿ, ಎರಡನ್ನೂ ಒಟ್ಟಿಗೆ ಸ್ಯಾಂಡ್ ಪೇಪರ್‌ನಿಂದ ಉಜ್ಜಿದೆ. ಕರಿ ಪುಡಿಯೆಲ್ಲ ಬಿಳಿ ಮರಕ್ಕೆ ಇಳಿದು ಬೂದಿ ಬಣ್ಣ ಬಂತು, ಎಷ್ಟು ಒರೆಸಿದರೂ ಹೋಗಲಿಲ್ಲ. ಅಂಥ ಕಡೆ ಉಕ್ಕಿನ ಸ್ಕ್ರೇಪರ್‌ನಿಂದಲೇ ಹೆರೆಯಿರಿ.

ಕೆಳಗೆ ಕಾಮೆಂಟ್‌ನಲ್ಲಿ ಒಬ್ಬರು ಎಬನಿಯನ್ನು ತೋಟದಲ್ಲಿ ಹಾಕಿದರೆ ಎಷ್ಟು ವರ್ಷಕ್ಕೆ ದುಡ್ಡು ಅಂತ ಕೇಳಿದ್ದಾರೆ. ದುಡ್ಡಿಗಾಗಿ ಆದರೆ ಬೇಡ. ನೀವು ನೆಟ್ಟಿದ್ದರ ಚೇಗು ನಿಮ್ಮ ಮೊಮ್ಮಕ್ಕಳಿಗೆ ಸಿಕ್ಕರೆ ಸಿಕ್ಕಿತು. ಈಗಾಗಲೇ ಬೆಳೆದು ನಿಂತ ಮರ ಇದ್ದರೆ, ಕಡಿಯುವ ಮಾತಿಗೆ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿನಲ್ಲಿ ಅನುಮತಿ, ಸಾಗಾಟದ ಪಾಸ್ ವಿಚಾರ ಕೇಳಿ.

ಸರ್, ಹೆರೆದ ಜಾಗದ ಒಂದು ಫೋಟೋ, ತುದಿಯದ್ದು ಇನ್ನೊಂದು, ಎರಡನ್ನೂ ಹಗಲು ಬೆಳಕಿನಲ್ಲಿ ತೆಗೆದು ಹಾಕಿ, ನೋಡೋಣ.