ಬ್ರಿಟನ್ನಿನಲ್ಲಿ ವಿದೇಶಿ ನೌಕರರಿಗೆ ವೀಸಾ ಪ್ರಾಯೋಜಿಸಿದ ಕಂಪನಿ, ಅವರ ಗೈರುಹಾಜರಿಯನ್ನೂ ಸರ್ಕಾರಕ್ಕೆ ಏಕೆ ತಿಳಿಸಬೇಕು?

ಏಕೆಂದರೆ ಅಲ್ಲಿನ ಸ್ಕಿಲ್ಡ್ ವರ್ಕರ್ ವೀಸಾ ನಿಂತಿರುವುದೇ ಆ ಕಂಪನಿಯ ಆ ಒಂದು ಕೆಲಸದ ಮೇಲೆ. ಕೆಲಸ ನಿಜವಾಗಿಯೂ ನಡೆಯುತ್ತಿದೆಯೇ ಎಂದು ಪ್ರತಿ ಕಚೇರಿಗೂ ಹೋಗಿ ನೋಡುವುದು ಗೃಹ ಇಲಾಖೆಗೆ ಸಾಧ್ಯವಿಲ್ಲ. ಹಾಗಾಗಿ ವಿದೇಶಿಯರಿಗೆ ವೀಸಾ ಪ್ರಾಯೋಜಿಸಲು ಬೇಕಾದ ಪ್ರಾಯೋಜಕ ಪರವಾನಗಿ ಕೊಡುವಾಗಲೇ ಆ ನಿಗಾವನ್ನು ಕಂಪನಿಗೆ ವಹಿಸುತ್ತದೆ.

ನೌಕರರು ಅನುಮತಿಯಿಲ್ಲದೆ ಸತತ 10ಕ್ಕಿಂತ ಹೆಚ್ಚು ಕೆಲಸದ ದಿನ ಬಾರದಿದ್ದರೆ, ಕೆಲಸ ಬಿಟ್ಟರೆ, ಸಂಬಳ ಕಡಿತವಾದರೆ ಅಥವಾ ಕೆಲಸದ ಸ್ಥಳ ಬದಲಾದರೆ 10 ಕೆಲಸದ ದಿನಗಳೊಳಗೆ ಇಲಾಖೆಯ ಆನ್‌ಲೈನ್ ವ್ಯವಸ್ಥೆಯಲ್ಲಿ ದಾಖಲಿಸಬೇಕು. ಪಾಸ್‌ಪೋರ್ಟ್, ಸಂಬಳ, ಹಾಜರಿಯ ಕಡತಗಳೂ ಸಿದ್ಧವಿರಬೇಕು. ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಬರಬಹುದು.

ಕಂಪನಿ ತಪ್ಪಿದರೆ ಪರವಾನಗಿ ರದ್ದಾಗಬಹುದು. ನನ್ನನ್ನು ಕಾಡುವುದು ಇದೇ: ತಪ್ಪು ಮಾಡಿದ್ದು ಕಂಪನಿಯಾದರೂ ಪೆಟ್ಟು ಬೀಳುವುದು ನೌಕರರಿಗೆ. ಪರವಾನಗಿ ರದ್ದಾದರೆ ಅವರ ವೀಸಾ ಅವಧಿಯನ್ನು ಸಾಮಾನ್ಯವಾಗಿ 60 ದಿನಗಳಿಗೆ ಇಳಿಸಲಾಗುತ್ತದೆ. ಅಷ್ಟರಲ್ಲಿ ಹೊಸ ಪ್ರಾಯೋಜಕರನ್ನು ಹುಡುಕಿ ಅರ್ಜಿ ಹಾಕಬೇಕು, ಇಲ್ಲವೇ ದೇಶ ಬಿಡಬೇಕು. ನೀವು ನೌಕರರಾಗಿದ್ದರೆ ಇನ್ನೊಂದು ವಿಷಯ ತಿಳಿದಿರಲಿ: ವಿದೇಶಿ ನೌಕರರನ್ನು ಪ್ರಾಯೋಜಿಸುವುದಕ್ಕೆ ಸರ್ಕಾರ ವಿಧಿಸುವ ಇಮಿಗ್ರೇಶನ್ ಸ್ಕಿಲ್ಸ್ ಚಾರ್ಜ್ ಎಂಬ ಶುಲ್ಕವನ್ನು ಕಂಪನಿಯೇ ಭರಿಸಬೇಕು, ನಿಮ್ಮಿಂದ ವಸೂಲಿ ಮಾಡುವಂತಿಲ್ಲ.